ಮೈಕ್‌ಸೆಟ್ಟಿನವಳು ಕೂತು ಕೇಳಿದ ಮಧ್ಯಾಹ್ನ

ಹುಣಸೂರಿನ ಸುತ್ತಮುತ್ತ ಜಯಮ್ಮ ಎಂದು ಕೇಳಿದರೆ ಯಾವ ಜಯಮ್ಮ ಎನ್ನುತ್ತಾರೆ. ಮೈಕಮ್ಮ ಎಂದರೆ ಮಾತ್ರ ಮನೆಯವರೆಗೂ ಕರೆದುಕೊಂಡು ಬಂದು ಬಿಡುತ್ತಾರೆ. ಮದುವೆ, ನಾಮಕರಣ, ನಾಟಕ, ಚುನಾವಣೆ, ಶಾಲೆಯ ವಾರ್ಷಿಕೋತ್ಸವ, ಹೀಗೆ ಎಲ್ಲಿ ಜನ ಸೇರಿ ಒಬ್ಬರು ಮಾತಾಡಬೇಕಿತ್ತೋ ಅಲ್ಲಿಗೆ ಹಾರ್ನು, ವೈರು, ಆಂಪ್ಲಿಫೈಯರು ಹೊತ್ತುಕೊಂಡು ಹೋಗುವುದು ನನ್ನ ಕೆಲಸವಾಗಿತ್ತು. ಈಗ ಬಿಟ್ಟಿದ್ದೇನೆ. ಅಂಗಡಿಯನ್ನು ಶಬಾನಾ ನಡೆಸುತ್ತಿದ್ದಾಳೆ. ಕಾಲೇಜು ಮುಗಿಸಿ ನನ್ನ ಹತ್ತಿರವೇ ಕೆಲಸ ಕಲಿತವಳು. ಅವಳ ಬಳಿಗೆ ಕಲಿಯಲು ಬರುವವರು ಲ್ಯಾಪ್‌ಟಾಪು ಹಿಡಿದುಕೊಂಡೇ ಬರುತ್ತಾರೆ, ಸೌಂಡ್ ಇಂಜಿನಿಯರ್ ಎಂದು ಕರೆಸಿಕೊಳ್ಳುತ್ತಾರೆ. ಕರೆಸಿಕೊಳ್ಳಲಿ, ಚೆನ್ನಾಗಿದೆ. "ಆಂಟಿ, ನೀವು ಮಾಡಿದ್ದೆಲ್ಲ ಬರೀರಿ, ಇವ್ರಿಗೆ ಓದುಸ್ತೀನಿ" ಎಂದು ಶಬಾನಾ ಹಠ ಹಿಡಿದಿದ್ದಕ್ಕೆ ಬರೆಯಲು ಕೂತಿದ್ದೇನೆ.

ನಾನು ಈ ಕೆಲಸವನ್ನು ಆರಿಸಿಕೊಂಡವಳಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅದು ಇತ್ತು. ಮಾವನವರದ್ದು ಮೈಕ್‌ಸೆಟ್ಟಿನ ಅಂಗಡಿ. ನಮ್ಮ ಮನೆಯವರು ಪುಟ್ಟಸ್ವಾಮಿ, ಬೆಸುಗೆ ಹಾಕಲು ಕೂತರೆ ಎಂಥ ಸತ್ತ ಆಂಪ್ಲಿಫೈಯರನ್ನೂ ಮಾತಾಡಿಸುತ್ತಿದ್ದರು. ಆದರೆ ಅವರಿಗೆ ಎತ್ತರ ಆಗದು. ಸ್ಟೂಲು ಹತ್ತಿದರೆ ತಲೆ ಸುತ್ತುತ್ತದೆ. ಮಾವನವರಿಗೆ ಮಂಡಿನೋವು. ಹಾರ್ನನ್ನು ಮಾತ್ರ ಮರಕ್ಕೋ ಕಂಬಕ್ಕೋ ಮೇಲೆಯೇ ಕಟ್ಟಬೇಕು. ಹೊಸದಾಗಿ ಬಂದ ಸೊಸೆ ನಾನು, ತವರಿನಲ್ಲಿ ಹುಣಸೆಮರ ಹತ್ತಿ ಬೆಳೆದವಳು. ಒಂದು ದಿನ ಕಂಪಲಾಪುರದ ಮದುವೆಮನೆಯಲ್ಲಿ ಹಾರ್ನು ಕಟ್ಟಲು ಬರಬೇಕಿದ್ದ ಆಳು ಬರಲಿಲ್ಲ. ಅಪ್ಪ ಮಗ ಇಬ್ಬರೂ ಹೊಂಗೆಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ನಾನು ಸೀರೆಯನ್ನು ಕಚ್ಚೆ ಕಟ್ಟಿ, ಹಗ್ಗ ಹೆಗಲಿಗೆ ಹಾಕಿಕೊಂಡು ಹತ್ತಿಬಿಟ್ಟೆ.

ಕೆಳಗೆ ಗುಂಪು ಸೇರಿತು. "ಅಯ್ಯೋ, ಎಂಗ್ಸು ಮರ ಅತ್ತವ್ಳೆ ಬನ್ರೇ!" ಎಂದು ಒಬ್ಬ ಅಜ್ಜಿ ಕೂಗಿದ್ದೇ, ಹೆಣ್ಣಿಗೆ ಅರಿಶಿನ ಹಚ್ಚುತ್ತಿದ್ದವರೂ ಎದ್ದು ಬಂದರು. ಮದುಮಗಳು ಮುಖದ ತುಂಬ ಅರಿಶಿನ ಮೆತ್ತಿಕೊಂಡು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಾವನವರು ತಲೆ ತಗ್ಗಿಸಿಕೊಂಡಿದ್ದರು. ಬೈಗುಳ ಖಚಿತ ಎಂದುಕೊಂಡು ಇಳಿದೆ. ಅವರು ಹಾರ್ನು ಕಟ್ಟಿದ ಗಂಟನ್ನು ಕೆಳಗಿನಿಂದಲೇ ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಕಟ್ಟಿರೋದೇನೋ ಸರಿಯಾಗದೆ. ಹಾರ್ನಿನ ಮೊಕ ಸ್ವಲ್ಪ ಕೆರೆ ಕಡೆ ತಿರುಗುಸ್ಬೇಕಾಗಿತ್ತು ಕಣವ್ವ" ಎಂದರು. ಮತ್ತೆ ಹತ್ತಿದೆ. ಅವತ್ತಿನಿಂದ ಮರದ ಕೆಲಸ ನನ್ನದು.

ನನಗೆ ಮೇಲಧಿಕಾರಿ ಎಂದು ಇದ್ದವರು ಮಾವನವರು ಒಬ್ಬರೇ. ಹೊಗಳಿದ್ದು ನೆನಪಿಲ್ಲ. ಮೈಕಿಗೆ ಬಾಯಿಟ್ಟು "ಹಲೋ ಹಲೋ" ಎಂದು ಪರೀಕ್ಷೆ ಮಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ನಾನು ಮನುಷ್ಯರು ಮಾತಾಡುವ ಹಾಗೆ ಒಂದು ವಾಕ್ಯ ಹೇಳಬೇಕು, ಅವರು ಚಪ್ಪರದ ಕೊನೆಯಲ್ಲಿ, ಅತಿ ಮುದುಕರು ಕೂತಿರುವ ಜಾಗಕ್ಕೆ ಹೋಗಿ, ಅವರ ಪಕ್ಕ ಕೂತು ಕೇಳಿ ಬರಬೇಕು. "ಮಾತು ಕೇಳುಸ್ಬೇಕು ಕಣವ್ವ, ಮೈಕು ಕೇಳುಸ್ಬಾರ್ದು. ನಾವು ಬಂದಿದೀವಿ ಅನ್ನೋದು ಜನಕ್ಕೆ ಗೊತ್ತಾಯ್ತು ಅಂದ್ರೆ ಎಲ್ಲೋ ಏನೋ ಕೆಟ್ಟದೆ ಅಂತ ತಿಳ್ಕೊ" ಎನ್ನುತ್ತಿದ್ದರು.

ಹಾಗೆ ಜನಕ್ಕೆ ಚೆನ್ನಾಗಿ ಗೊತ್ತಾದ ದಿನಗಳೂ ಇವೆ. ಎಚ್.ಡಿ. ಕೋಟೆ ಕಡೆಯ ಒಂದು ಮದುವೆ. ಧಾರೆಗೆ ಇನ್ನೂ ಹೊತ್ತಿತ್ತು. ಪುರೋಹಿತರ ಮೈಕನ್ನು ಮಂಟಪದಲ್ಲಿ ಇಟ್ಟು, ಆನ್ ಮಾಡಿಯೇ ನಾವು ಕಾಫಿಗೆ ಹೋದೆವು. ಹೆಣ್ಣಿನ ಕಡೆಯ ಚಿಕ್ಕಮ್ಮಂದಿರಿಬ್ಬರು ಅದರ ಪಕ್ಕವೇ ಹೂ ಬಿಡಿಸಲು ಕೂತರು. ಕಾಫಿ ಬಾಯಿಗಿಡುವಷ್ಟರಲ್ಲಿ ಊರ ತುಂಬ ಕೇಳಿತು: "ಗಂಡು ಪರವಾಗಿಲ್ಲ ಕಣಕ್ಕ, ಆದ್ರೆ ಆ ಮೂಗು! ಸಾರಿನ ಸೌಟು ಇಟ್ಟಂಗದೆ." ಇನ್ನೊಬ್ಬರು ನಕ್ಕಿದ್ದೂ ಎರಡು ಹಾರ್ನಿನಲ್ಲಿ ಬಂತು. ನಾನು ಓಡಿದೆ, ಸೀರೆ ಕಾಲಿಗೆ ತೊಡರಿ ಬಿದ್ದೆ, ಎದ್ದು ಮತ್ತೆ ಓಡಿದೆ. ಅಷ್ಟರಲ್ಲಿ ಗಂಡೇ ಬಾಸಿಂಗ ಕಟ್ಟಿಕೊಂಡು ಮಂಟಪಕ್ಕೆ ಬಂದು ಮೈಕು ಎತ್ತಿಕೊಂಡಿದ್ದ. "ಮೂಗು ನಮ್ಮಪ್ಪಂದು ಕಣ್ರವ್ವ, ದೂರಿದ್ರೆ ಅವ್ರಿಗೇ ಹೇಳಿ" ಎಂದ. ಚಪ್ಪರವೆಲ್ಲ ನಕ್ಕಿತು. ಅವನ ಅಪ್ಪ ಮೂಗು ಮುಟ್ಟಿ ನೋಡಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕರು. ಆ ಮನೆಯವರು ಅವನ ಮಗಳ ಮದುವೆಗೂ ನಮ್ಮನ್ನೇ ಕರೆದರು.

ನಮ್ಮ ಕೆಲಸದಲ್ಲಿ ನಿಜವಾದ ಶತ್ರು ಎಂದರೆ ಕೂಗು. ಹಾರ್ನಿನಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ಅಲ್ಲಿಂದ ಮತ್ತೆ ಹಾರ್ನಿಗೆ ಹೋಗಿ, ಹೀಗೆ ಸುತ್ತಿ ಸುತ್ತಿ ಬೆಳೆದು ಕುಂಯ್ ಎಂದು ಕಿರುಚುತ್ತದಲ್ಲ, ಅದು. ಈಗಿನವರು ಫೀಡ್‌ಬ್ಯಾಕ್ ಎನ್ನುತ್ತಾರೆ. ಅದು ಶುರುವಾದರೆ ಸಾವಿರ ಜನ ಒಟ್ಟಿಗೆ ತಿರುಗಿ ನಮ್ಮ ಮೇಜಿನ ಕಡೆ ನೋಡುತ್ತಾರೆ. ಭಾಷಣ ಮಾಡುವವರು ಅರ್ಧ ಮಾತು ನುಂಗಿ ಕಣ್ಣು ಕೆಂಪಗೆ ಮಾಡುತ್ತಾರೆ. ಬಾಣಂತಿಗೆ ಮಗುವಿನ ಉಸಿರಾಟ ಬದಲಾದರೆ ನಿದ್ದೆಯಲ್ಲೂ ತಿಳಿಯುತ್ತದಂತೆ, ನನಗೆ ಕೂಗು ಹುಟ್ಟುವ ಮೊದಲೇ ತಿಳಿಯುತ್ತಿತ್ತು. ಸದ್ದಿನ ತುದಿಯಲ್ಲಿ ಒಂದು ಎಳೆ ಬಿಗಿಯಾಗುತ್ತದೆ. ಕೈ ತಾನಾಗಿ ಗುಂಡಿಗೆ ಹೋಗುತ್ತದೆ. ಹಾಡು ಯಾವುದು, ಯಾರು ಹಾಡುತ್ತಿದ್ದಾರೆ ಎಂಬುದೆಲ್ಲ ನನಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಕೇಳುತ್ತಿದ್ದುದು ಆ ಎಳೆಯೊಂದನ್ನೇ.

ಕೆ.ಆರ್. ನಗರದ ಪೌರಾಣಿಕ ನಾಟಕಗಳಲ್ಲಂತೂ ಇದರ ಕಾಟ ಹೇಳತೀರದು. ಅಲ್ಲಿ ಪಾತ್ರಧಾರಿಗಳು ಮೈಕನ್ನು ತಮ್ಮ ಸ್ವಂತದ್ದು ಎಂದುಕೊಂಡಿರುತ್ತಾರೆ. ಗದೆ ಹಿಡಿದವರೊಬ್ಬರು, ಹಗಲಲ್ಲಿ ಅಕ್ಕಿಗಿರಣಿ ನಡೆಸುತ್ತಿದ್ದವರು, ಪ್ರತಿ ಪದ್ಯಕ್ಕೂ ನೇತುಹಾಕಿದ ಮೈಕನ್ನು ಕೈಯಲ್ಲಿ ಹಿಡಿದು ಎಳೆದುಕೊಂಡೇ ಹಾಡುತ್ತಿದ್ದರು. ಅದು ಕೂಗುತ್ತಿತ್ತು. ಒಂದು ಸಲ ಆವೇಶದಲ್ಲಿ ಗದೆ ಬೀಸಿದರು. ಗದೆ ಮೈಕಿಗೆ ಬಡಿಯಿತು, ಮೈಕು ಉಯ್ಯಾಲೆಯಾಡಿಕೊಂಡು ಹೋಗಿ ಹಾರ್ಮೋನಿಯಂ ಮೇಷ್ಟ್ರ ಹಣೆಗೆ ಬಡಿಯಿತು. ಮೇಷ್ಟ್ರು ಶ್ರುತಿ ಬಿಡಲಿಲ್ಲ. ಒಂದು ಕೈಯಲ್ಲಿ ಹಣೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನುಡಿಸುತ್ತಲೇ, ಅದೇ ರಾಗದಲ್ಲಿ "ಏ ಮೈಕಮ್ಮಾ... ಮೈಕಮ್ಮಾ... ಇದ ಮೇಲಕ್ಕೆ ಕಟ್ಟಮ್ಮಾ" ಎಂದು ಹಾಡಿದರು. ಜನ ಒನ್ಸ್‌ಮೋರ್ ಎಂದರು. ನನಗೆ ಹೆಸರು ಬಂದಿದ್ದು ಹಾಗೆ.

ಆಮೇಲೆ ಕಾಲ ಬದಲಾಯಿತು. ಹಾರ್ನು ಹೋಗಿ ಸ್ಪೀಕರ್ ಬಾಕ್ಸು ಬಂತು, ಬಾಕ್ಸಿನ ಮೇಲೆ ಬಾಕ್ಸು ಬಂತು, ಕೊನೆಗೆ ಲಾರಿಯ ತುಂಬ ಬಾಕ್ಸು ಬಂತು. ಮರ ಹತ್ತುವುದು ತಪ್ಪಿತು, ಅದಕ್ಕೆ ನನ್ನ ಮಂಡಿಗಳು ಇವತ್ತಿಗೂ ಕೃತಜ್ಞವಾಗಿವೆ. ಎಲ್ಲವೂ ಕೆಟ್ಟಿತೆಂದು ಹೇಳುವವಳಲ್ಲ ನಾನು. ಹೊಸ ಮಿಕ್ಸರಿನಲ್ಲಿ ಒಂದೊಂದು ದನಿಯನ್ನೂ ಬೇರೆ ಬೇರೆಯಾಗಿ ಹದ ಮಾಡಬಹುದು ಎಂದು ಮೊದಲು ಗೊತ್ತಾದಾಗ ಹೊಸ ಅಡುಗೆಮನೆ ಸಿಕ್ಕಷ್ಟು ಖುಷಿಪಟ್ಟಿದ್ದೆ. ಆದರೆ ಕೇಳುವವರ ಬಯಕೆ ಬದಲಾಗಿತ್ತು. ಮೆರವಣಿಗೆಯಲ್ಲಿ ಎದೆ ನಡುಗಬೇಕು, ಕಿಟಕಿ ಗಾಜು ಅದುರಬೇಕು, ಪಕ್ಕದ ಬೀದಿಯ ಬಾಕ್ಸಿಗಿಂತ ನಮ್ಮದು ಜೋರಿರಬೇಕು. ಹಲವು ವರ್ಷ ಆ ಬಾಕ್ಸುಗಳ ಪಕ್ಕದಲ್ಲೇ ನಿಂತೆ. ಎಡಗಿವಿಯಲ್ಲಿ ಜೀರುಂಡೆ ಕೂತ ಹಾಗೆ ಶುರುವಾಯಿತು. ಮೈಸೂರಿನ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಇದು ವಾಸಿಯಾಗುವುದಲ್ಲ, ಇನ್ನೊಂದನ್ನಾದರೂ ಉಳಿಸಿಕೊಳ್ಳಿ ಎಂದರು. ಬಂದು ಅಂಗಡಿಯ ಬೀಗದಕೈಯನ್ನು ಶಬಾನಾ ಕೈಗೆ ಕೊಟ್ಟೆ.

ಮನೆಯಲ್ಲಿ ಸದ್ದೇ ಬೇಡವಾಯಿತು. ಟಿವಿ ಬೇಡ, ರೇಡಿಯೋ ಬೇಡ. ಚಟ್ನಿಯನ್ನು ಒರಳಿನಲ್ಲಿ ರುಬ್ಬಲು ಶುರು ಮಾಡಿದೆ. ನಮ್ಮ ಮನೆಯವರು ಪಾಪ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಾಡು ಕೇಳುತ್ತಾ ಒಬ್ಬರೇ ತಲೆಯಾಡಿಸುತ್ತಿದ್ದರು. ಯಾವ ಮದುವೆಗೆ ಹೋದರೂ ಊಟ ಮುಗಿಸಿ ಓಡಿಬರುತ್ತಿದ್ದೆ. ಬದುಕೆಲ್ಲ ಸದ್ದು ಹಂಚಿದವಳು ಹೀಗಾದಳಲ್ಲ ಎಂದು ಅವರಿಗೆ ಬೇಸರವಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಹೀಗಿರುವಾಗ ಒಂದು ಶುಕ್ರವಾರ ಶಬಾನಾ ಬಂದಳು.

"ಭಾನುವಾರ ಮಧ್ಯಾಹ್ನ ಗುರುಪುರದ ಹತ್ರ ಒಂದು ಪ್ರೋಗ್ರಾಂ ಅದೆ ಆಂಟಿ. ನೀವು ಬರ್ಲೇಬೇಕು. ಕೆಲ್ಸಕ್ಕಲ್ಲ, ಕೇಳಕ್ಕೆ."

"ಯಾರ್ದು?"

"ಮೂರು ಜನ. ಗಿಟಾರು, ಬೇಸ್ ಗಿಟಾರು, ಡ್ರಮ್ಸು. ರಾಕ್‌ನಲ್ಲೇ ಒಂದು ಥರ, ಪ್ರೊಗ್ರೆಸಿವ್ ರಾಕ್ ಅಂತಾರೆ."

"ಅಂಗಂದ್ರೇನು?"

ಅವಳು ಸ್ವಲ್ಪ ಯೋಚಿಸಿದಳು. "ಹಾಡು ಸಿನಿಮಾ ಹಾಡಿನಂಗೆ ಬೇಗ ಮುಗಿಯಲ್ಲ. ಒಂದು ದಾರಿ ಹಿಡ್ದು ಓಗ್ತಾ ಇನ್ನೊಂದು ದಾರಿಗೆ ತಿರುಗ್ತದೆ. ತಾಳಾನೂ ತಿರುಗ್ತಾ ಇರ್ತದೆ. ಬಂದು ಕೇಳಿ, ಹೇಳಕ್ಕಾಗಲ್ಲ."

"ಡ್ರಮ್ಸು ಅಂದ್ಯಲ್ಲ, ಸಾಕು ಬುಡವ್ವ. ಇರೋ ಒಂದು ಕಿವಿ ನಂಗೆ ಬೇಕು."

"ಜೋರಿರಲ್ಲ ಆಂಟಿ, ನಂಬಿ. ಹಳೇ ಹೊಗೆಸೊಪ್ಪಿನ ಬ್ಯಾರನ್ ಒಳಗೆ ಮಾಡ್ತಾ ಇರೋದು. ನಲವತ್ತು ಜನ ಕೂತ್ರೆ ತುಂಬೋಯ್ತದೆ."

ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ಮನೆಯವರು ಕಿವಿಯಿಂದ ತಂತಿ ತೆಗೆದು, "ನಾನು ಬತ್ತೀನಿ" ಎಂದರು. ಅವರು ಒಬ್ಬರೇ ಎಲ್ಲಿಗೂ ಹೋಗುವವರಲ್ಲ. ಅಂದರೆ ನಾನೂ ಹೊರಟ ಹಾಗೆಯೇ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು ನಮ್ಮ ಕಡೆ ಪ್ರತಿ ಹೊಲದಲ್ಲೂ ಇದೆ. ಉದ್ದ ಅಗಲ ಕಡಿಮೆ, ಎತ್ತರ ಜಾಸ್ತಿ, ದಪ್ಪ ಗೋಡೆ, ಒಳಗೆ ಸೊಪ್ಪು ನೇತುಹಾಕಲು ಮೇಲಿನವರೆಗೂ ಅಡ್ಡ ತೊಲೆಗಳು. ಈ ಬ್ಯಾರನ್ ಸ್ವಾಮಿಗೌಡರು ಎಂಬ ರೈತರದ್ದು. ಹೊಸದು ಕಟ್ಟಿಸಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು. ಅವರು ಅದನ್ನು ಬಿಟ್ಟುಕೊಟ್ಟದ್ದಕ್ಕೆ ಕಾರಣ ಡ್ರಮ್ಸ್ ಬಾರಿಸುವ ಸಹನಾ. ಅವಳು ಆ ಭಾಗದ ಪಶುವೈದ್ಯೆ. ಗೌಡರ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ನಿಂತಾಗ ಬಂದು, ಹಸು ಕರು ಎರಡನ್ನೂ ಉಳಿಸಿ ಹೋಗಿದ್ದಳು. "ಡಾಕ್ಟ್ರಮ್ಮ ಬಾಯ್ಬಿಟ್ಟು ಕೇಳುದ್ರು, ಇಲ್ಲ ಅನ್ನಕ್ಕಾಯ್ತದಾ? ಅದೇನು ಬಡ್ಕೊತಾರೋ ಬಡ್ಕೊಳ್ಳಿ ಅಂದೆ" ಎಂದು ಗೌಡರು ಬಾಗಿಲಲ್ಲೇ ನಮ್ಮ ಮನೆಯವರಿಗೆ ಹೇಳಿದರು. ಅವರ ಹೆಂಡತಿ ನಿಂಗಮ್ಮ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. "ಬೆಳಗ್ಗಿಂದ ಕಾಯ್ತಾ ಇವ್ನಿ ಕಣಕ್ಕ. ನಮ್ ಡಾಕ್ಟ್ರಮ್ಮ ಬಾರ್ಸೋದ ನೋಡ್ಬೇಕು" ಎಂದು ನನಗೂ ಒಂದು ಲೋಟ ಕೊಟ್ಟರು.

ಒಳಗೆ ಕಾಲಿಟ್ಟೆ. ಹಳೆಯ ಹೊಗೆಸೊಪ್ಪಿನ ಸಿಹಿ ಘಾಟು ಇನ್ನೂ ಗೋಡೆಯಲ್ಲಿತ್ತು. ಶಬಾನಾ ಸುತ್ತಲೂ ಗೋಣಿಚೀಲ, ಹಳೇ ಕಂಬಳಿ ನೇತುಹಾಕಿದ್ದಳು. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದಲ್ಲ, ಅದಕ್ಕೆ. ನೆಲದ ಮೇಲೆ ಜಮಖಾನ, ಹಿಂದೆ ನಮ್ಮಂಥವರಿಗೆ ನಾಲ್ಕಾರು ಕುರ್ಚಿ. ವೇದಿಕೆಯಿಲ್ಲ. ಮೊದಲ ಸಾಲಿನವರು ಕಾಲು ಚಾಚಿದರೆ ಡ್ರಮ್ಮಿಗೆ ತಾಗುವಷ್ಟು ಹತ್ತಿರ. ಟಿಬೆಟನ್ ಶಿಬಿರದ ಹುಡುಗ ಹುಡುಗಿಯರು, ಹುಣಸೂರಿನ ಕಾಲೇಜಿನವರು, ಪಕ್ಕದ ಹೊಲದವರು ಎಲ್ಲ ಒತ್ತೊತ್ತಾಗಿ ಕೂತಿದ್ದರು.

ನನಗೆ ಕೂರಲು ಆಗಲಿಲ್ಲ. ವೈರು ಯಾರ ಕಾಲಿಗಾದರೂ ಸಿಗುತ್ತದೆಯೇ, ಬಾಕ್ಸಿನ ಮುಖ ಸರಿಯಾಗಿದೆಯೇ, ಕಣ್ಣು ಅಲ್ಲಿಗೇ ಓಡುತ್ತಿತ್ತು. ಒಂದು ಪ್ಲಗ್ಗು ಸಡಿಲವಿದೆ ಎನಿಸಿ ಏಳಲು ಹೋದೆ. ನಮ್ಮ ಮನೆಯವರು ಸೆರಗು ಹಿಡಿದು ಕೂರಿಸಿದರು. "ಕೂತ್ಕೊಳೆ ಜಯಾ. ಇವತ್ತು ನೀನು ಬೀಗರು."

ಸರಿಯಿದ್ದ ಬಲಗಿವಿ ಬಾಕ್ಸಿಗೆ ಮರೆಯಾಗಿ ನಮ್ಮ ಮನೆಯವರ ಕಡೆಗೆ ಬರುವ ಹಾಗೆ ಕುರ್ಚಿ ತಿರುಗಿಸಿಕೊಂಡು, ಹತ್ತಿ ಉಂಡೆಯನ್ನು ಕೈಯಲ್ಲಿ ಹಿಡಿದು ಕೂತೆ.

ಮೂವರೂ ಬಂದರು. ಸಹನಾ ಕೂದಲು ಎತ್ತಿ ಕಟ್ಟಿದ್ದಳು. ಗಿಟಾರಿನ ತೆನ್ಜಿನ್ ಗುರುಪುರದ ಶಿಬಿರದಲ್ಲೇ ಹುಟ್ಟಿದವನು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುತ್ತಾನೆ, ನಮ್ಮ ಕನ್ನಡವನ್ನು ನನಗಿಂತ ಸೊಗಸಾಗಿ ಆಡುತ್ತಾನೆ. ಬೇಸ್ ಗಿಟಾರಿನ ಮಹದೇವ ಸರಗೂರು ಕಡೆಯ ಕಾಡಂಚಿನ ಹಾಡಿಯವನು, ಅಲ್ಲೇ ಶಾಲಾ ಮೇಷ್ಟ್ರು. ಹಾಡುವವನೂ ಅವನೇ. "ನಾವು ಮೂರ್ಜನ, ನೀವೆಲ್ಲ ನಮ್ಮೋರು. ಕಾಲು ನೋವಾದ್ರೆ ನಾಚ್ಕೊಬೇಡಿ, ಎದ್ದು ಒಂದ್ ಸುತ್ತು ಓಗ್ಬನ್ನಿ, ಹಾಡು ಅಲ್ಲೇ ಇರ್ತದೆ" ಎಂದ. ಎಲ್ಲರೂ ನಕ್ಕರು. ಸಹನಾ ಕೋಲಿನಿಂದ ಎಣಿಸಿದಳು.

ಜೋರಿರಲಿಲ್ಲ. ಅದು ನನಗೆ ಮೊದಲು ತಿಳಿದದ್ದು. ತುಂಬಿತ್ತು, ಆದರೆ ಹೊಡೆಯುತ್ತಿರಲಿಲ್ಲ. ಡ್ರಮ್ಮಿನ ತೊಗಲು ಅದುರುವುದು, ಮಹದೇವನ ಬೆರಳು ತಂತಿಯ ಮೇಲೆ ಜಾರುವುದು, ಹಾಡುವ ಮೊದಲು ಅವನು ಉಸಿರೆಳೆದುಕೊಳ್ಳುವುದು ಎಲ್ಲ ಬೇರೆ ಬೇರೆಯಾಗಿ ಕೇಳುತ್ತಿತ್ತು. ಹತ್ತಿಯ ಉಂಡೆ ಕೈಯಲ್ಲೇ ಉಳಿಯಿತು.

ಆದರೆ ತಾಳ ಸಿಗುತ್ತಿರಲಿಲ್ಲ. ಕಾಲು ನೆಲಕ್ಕೆ ಬೀಳುವ ಹೊತ್ತಿಗೆ ಪೆಟ್ಟು ಬೀಳುತ್ತಿರಲಿಲ್ಲ, ಎತ್ತಿದ ಮೇಲೆ ಬೀಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟರೆ ನೆಲ ಸಿಕ್ಕ ಹಾಗೆ. ನಮ್ಮ ಮನೆಯವರು ಬೆರಳು ಮಡಚಿ ಎಣಿಸಿ, "ಏಳಕ್ಕೆ ತಿರುಗ್ತದೆ ಕಣೆ" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಅದು ಐದಕ್ಕೆ ತಿರುಗಿತ್ತು. ಅವರು ಬೆರಳುಗಳನ್ನು ನೋಡಿಕೊಂಡು ಸೋತು ನಕ್ಕರು.

ಕೊನೆಯ ಹಾಡು ಎಲ್ಲಕ್ಕಿಂತ ಉದ್ದದ್ದು. ಅದರ ಹೆಸರು 'ಹಿನ್ನೀರು'. ಮಹದೇವನ ತಾತನ ಹೊಲ ಅಣೆಕಟ್ಟೆಯ ನೀರಿನಡಿ ಇದೆಯಂತೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೊಲದ ಬದು ಕಾಣುತ್ತದೆ, ಮನೆಯವರೆಲ್ಲ ಹೋಗಿ ಅದರ ಮೇಲೆ ನಡೆದಾಡಿ, ಬುತ್ತಿ ಉಂಡು ಬರುತ್ತಾರೆ. ಅದನ್ನೇ ಹಾಡು ಮಾಡಿದ್ದರು. ಶುರುವಿನಲ್ಲಿ ಮೂವರೂ ಸೇರಿ ತುಂಬಿದ ಕೆರೆಯ ಹಾಗೆ ಬಾರಿಸಿದರು. ಆಮೇಲೆ ಒಂದೊಂದೇ ದನಿ ಹಿಂದೆ ಸರಿಯಿತು. ಮುಗಿಯಿತೆಂದು ನಾನು ಚಪ್ಪಾಳೆ ತಟ್ಟಿದೆ. ಮುಗಿದಿರಲಿಲ್ಲ. ಸಹನಾ ನನ್ನ ಕಡೆ ನೋಡಿ ನಕ್ಕು, ಕೋಲಿನ ತುದಿಯಲ್ಲಿ ತಾಳವನ್ನು ಮತ್ತೆ ಎತ್ತಿಕೊಂಡಳು. ಇನ್ನೊಂದು ಸಲ ಹಾಗೇ ಮೋಸಹೋದೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಡ್ರಮ್ಸು ನಿಂತಿತು. ಬೇಸ್ ಗಿಟಾರು ನಿಂತಿತು. ತೆನ್ಜಿನ್ ಒಬ್ಬನೇ ಒಂದು ಸ್ವರ ಮೀಟಿ, ಗಿಟಾರನ್ನು ಹಿಡಿದುಕೊಂಡೇ ತನ್ನ ಬಾಕ್ಸಿನ ಕಡೆಗೆ ಮೆಲ್ಲಗೆ ನಡೆದ. ಸದ್ದಿನ ತುದಿಯಲ್ಲಿ ಎಳೆ ಬಿಗಿಯಾಯಿತು.

ನನಗೆ ಗೊತ್ತಾಯಿತು. ಕೂಗು ಬರುತ್ತಿದೆ.

ಎದ್ದದ್ದು ನನಗೇ ತಿಳಿಯಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ಕೂತವರ ನಡುವೆ ಕಾಲಿಟ್ಟು, ಯಾರದೋ ಚಪ್ಪಲಿ ತುಳಿದು, ಶಬಾನಾಳ ಮೇಜಿಗೆ ಓಡಿದೆ. "ಇಳ್ಸೆ, ಇಳ್ಸೆ, ಕೂಗ್ತದೆ!" ಎಂದು ಗುಂಡಿಗೆ ಕೈ ಹಾಕಿದೆ. ಶಬಾನಾ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬುಡಿ ಆಂಟಿ. ಬೇಕಂತ್ಲೇ."

"ಏನು ಬೇಕಂತ್ಲೇ?"

"ಅವ್ನೇ ಕರೀತಾ ಅವ್ನೆ ಅದನ್ನ. ಕೇಳಿ."

ಕೂಗು ಬಂತು. ನಾನು ಹಲ್ಲು ಕಚ್ಚಿದೆ. ಆದರೆ ಅದು ಕಿರುಚಲಿಲ್ಲ. ತೆನ್ಜಿನ್ ಬಾಕ್ಸಿನ ಮುಂದೆ ನಿಂತು ಗಿಟಾರನ್ನು ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ವಾಲಿಸುತ್ತಿದ್ದ. ಮಗುವನ್ನು ತೋಳಿನ ಮೇಲೆ ತೂಗುವವರು ಹಾಗೆ ವಾಲಿಸುತ್ತಾರೆ. ಆ ದನಿ ಬಾಗಿತು, ಏರಿತು, ಒಂದೇ ಸ್ವರವಾಗಿ ನಿಂತಿತು. ಅವನು ತಂತಿಯನ್ನು ಮುಟ್ಟುತ್ತಲೂ ಇರಲಿಲ್ಲ. ಬ್ಯಾರನ್ನಿನ ಎತ್ತರಕ್ಕೆಲ್ಲ ಅದು ಹರಡಿ ನಿಂತಿತು. ಅದರ ಕೆಳಗೆ ಮಹದೇವನ ಬೇಸು ಮೆಲ್ಲಗೆ ಬಂದು ಸೇರಿತು. ಆಮೇಲೆ ಸಹನಾಳ ಡ್ರಮ್ಸು ದೂರದಿಂದ ನೀರು ಬರುವ ಹಾಗೆ ಬಂತು. ಮೂರೂ ಕೂಡಿ ಆ ಸ್ವರವನ್ನು ಎತ್ತಿಕೊಂಡು ಹೊರಟಾಗ ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು.

ಇಷ್ಟು ವರ್ಷ ಹುಟ್ಟುವ ಮೊದಲೇ ಹಿಸುಕಿದ್ದೆನಲ್ಲ, ಅದರೊಳಗೆ ಇಂಥದ್ದೊಂದು ಇತ್ತೇ! ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ಶಬಾನಾ ನನ್ನ ಕೈ ಬಿಟ್ಟಿರಲಿಲ್ಲ, ಅವಳೂ ನಕ್ಕಳು. ಅಲ್ಲೇ ಮೇಜಿನ ಪಕ್ಕ ನಿಂತು ಕೊನೆಯವರೆಗೂ ಕೇಳಿದೆ. ಹಾಡು ಕೇಳಿದೆ. ಮೈಕಿಲ್ಲ, ವೈರಿಲ್ಲ, ಎಳೆಯಿಲ್ಲ, ಬರೀ ಹಾಡು. ಹುಡುಗ ಹುಡುಗಿಯರೇ, ನಿಮಗೆ ನಾನು ಹೇಳಬೇಕೆಂದು ಕೂತ ಮಾತು ಇದೊಂದೇ. ನಿಮ್ಮ ಕೆಲಸವಿಲ್ಲದ ಕಡೆಗೆ ಆಗಾಗ ಹೋಗಿ, ಜನ ಕೂರುವ ಜಾಗದಲ್ಲಿ ಕೂತು ಕೇಳಿ. ನನ್ನ ಹಾಗೆ ಅಂಗಡಿ ಬಿಡುವವರೆಗೂ ಕಾಯಬೇಡಿ.

ಹಾಡು ಮುಗಿದಾಗ ಎಲ್ಲರೂ ಎದ್ದು ನಿಂತರು. ಬಾಗಿಲಲ್ಲಿ ನಿಂತಿದ್ದ ಸ್ವಾಮಿಗೌಡರು ಟವೆಲ್ಲು ತೆಗೆದು ತಲೆಯ ಮೇಲೆ ಬೀಸುತ್ತಿದ್ದರು. ನಾನು ನೇರ ತೆನ್ಜಿನ್ ಹತ್ತಿರ ಹೋದೆ.

"ಏನಪ್ಪಾ ಅದು, ಎಂಗ್ ಮಾಡ್ದೆ? ನಾನು ಜೀವಮಾನವೆಲ್ಲ ಅದನ್ನ ಓಡ್ಸಿದ್ದೇ ಓಡ್ಸಿದ್ದು!"

ಅವನು ಬೆವರು ಒರೆಸಿಕೊಂಡು ಕೈಮುಗಿದ. "ನಿಮ್ ಬಗ್ಗೆ ಶಬಾನಾ ಹೇಳವ್ಳೆ ಅಮ್ಮ. ನೀವು ಎದ್ದು ಓಡಿದ್ ನೋಡಿ ಭಯ ಆಗೋಯ್ತು. ಎಲ್ಲಿ ಆಫ್ ಮಾಡ್ಬುಡ್ತೀರೋ ಅಂತ."

"ಮಾಡ್ಬುಡ್ತಿದ್ದೆ ಕಣಪ್ಪ, ಅವ್ಳು ಕೈ ಹಿಡ್ಕೊಂಡ್ಳು."

"ಬನ್ನಿ" ಎಂದು ಅವನು ಗಿಟಾರಿನ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿದ. ಎಷ್ಟು ಭಾರ! ಬಾಕ್ಸಿನ ಮುಂದೆ ನಿಲ್ಲಿಸಿ, ಒಂದು ತಂತಿ ಮೀಟಿಸಿ, "ಹಂಗೇ ಒಂದ್ ಹೆಜ್ಜೆ ಹತ್ರ ಹೋಗಿ" ಎಂದ. ಹೋದೆ. ಕೈಯೊಳಗೆ ಮರ ನಡುಗಿತು. ಕೂಗು ಎದ್ದಿತು. ನಾನೇ ಕರೆದದ್ದು. ಸ್ವಲ್ಪ ವಾಲಿಸಿದೆ, ಬಾಗಿತು. ಇನ್ನೂ ವಾಲಿಸಿದೆ, ಕಿರುಚಿಕೊಂಡಿತು. ಎಲ್ಲರೂ ಕಿವಿ ಮುಚ್ಚಿಕೊಂಡು ನಕ್ಕರು. ನಮ್ಮ ಮನೆಯವರು ಮಾತ್ರ ಮುಚ್ಚಿಕೊಳ್ಳಲಿಲ್ಲ. ಮೊಬೈಲು ಎತ್ತಿ ಫೋಟೋ ತೆಗೆಯುತ್ತಿದ್ದರು, ಅವರ ಕಣ್ಣು ಒದ್ದೆಯಾಗಿತ್ತು.

ಅಷ್ಟರಲ್ಲಿ ನಿಂಗಮ್ಮ ಬಂದರು. ಸಂಜೆಯ ಹಾಲು ಕರೆದು, ಕ್ಯಾನು ಹಿಡಿದುಕೊಂಡೇ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು. ಎದ್ದು ನಿಂತ ಜನರನ್ನೂ, ಕಳಚಿಟ್ಟ ಬೇಸ್ ಗಿಟಾರನ್ನೂ ನೋಡಿದರು. ಮುಖ ಸಣ್ಣದಾಯಿತು.

"ಮುಗ್ದೋಯ್ತಾ?"

ಸಹನಾ ಹೌದೆಂದು ತಲೆಯಾಡಿಸಿದಳು.

"ಹಾಲು ಕರ್ಯೋ ಹೊತ್ತಾಯ್ತು ಅಂತ ಹಸ ಕೂಗ್ಕೊಳ್ತು, ಓದೆ" ಎಂದರು. "ಕೊಟ್ಟಿಗೇಲಿ ಅಷ್ಟಿಷ್ಟು ಕೇಳುಸ್ತು ಬುಡಿ." ನಗಲು ನೋಡಿದರು, ಆಗಲಿಲ್ಲ.

ಸಹನಾ ಉಳಿದ ಇಬ್ಬರ ಮುಖ ನೋಡಿದಳು. ಮಹದೇವ ಬೇಸ್ ಗಿಟಾರನ್ನು ಎತ್ತಿಕೊಂಡ. ತೆನ್ಜಿನ್ ನನ್ನ ಹೆಗಲಿನಿಂದ ತನ್ನದನ್ನು ಇಳಿಸಿಕೊಂಡ.

"ಬನ್ನಿ ನಿಂಗಮ್ಮನೋರೆ, ಮುಂದೆ ಕೂತ್ಕೊಳಿ. ಕಡೇ ಹಾಡು ಪೂರ್ತಿ ಇನ್ನೊಂದ್ಸಲ ಬಾರುಸ್ತೀವಿ" ಎಂದಳು ಸಹನಾ.

"ನಂಗೋಸ್ಕರವಾ? ಬ್ಯಾಡಿ ಡಾಕ್ಟ್ರಮ್ಮ, ಸುಸ್ತಾಗಿದೀರಿ!"

"ಡೈರಿ ಮುಚ್ಬುಡ್ತದೆ ಕಣೆ" ಎಂದರು ಗೌಡರು.

"ನೀವೋಗಿ ಹಾಕ್ಬನ್ನಿ. ನಾನು ಕೇಳ್ಬೇಕು" ಎಂದು ನಿಂಗಮ್ಮ ಕ್ಯಾನನ್ನು ಗಂಡನ ಕೈಗೆ ಕೊಟ್ಟು, ಜಮಖಾನದ ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೂತರು. ಗೌಡರು ಕ್ಯಾನು ಹಿಡಿದು ಒಂದು ಹೆಜ್ಜೆ ಹೊರಗಿಟ್ಟರು, ನಿಂತರು, ತಿರುಗಿ ಬಂದು ಕ್ಯಾನನ್ನು ಗೋಡೆ ಪಕ್ಕ ಇಟ್ಟು ಅಲ್ಲೇ ಕೂತರು. ಆ ಸಂಜೆ ಅವರ ಮನೆಯ ಹಾಲು ಡೈರಿಗೆ ಹೋಗಲಿಲ್ಲ. ನಮಗೆಲ್ಲ ಕಾಫಿಯಾಯಿತು.

ಮನೆಗೆ ಹೊರಟಿದ್ದವರೂ ಮತ್ತೆ ಕೂತರು. ನಾನು ಈ ಸಲ ಕುರ್ಚಿಗೆ ಹೋಗಲಿಲ್ಲ. ನಿಂಗಮ್ಮನವರ ಪಕ್ಕ ನೆಲದ ಮೇಲೆ, ಬಲಗಿವಿ ಗಿಟಾರಿನ ಕಡೆ ಮಾಡಿಕೊಂಡು ಕೂತೆ. ಸಹನಾ ಎಣಿಸಿದಳು. ಕೆರೆ ತುಂಬಿತು. ನಿಂಗಮ್ಮ ತಮ್ಮ ಡಾಕ್ಟ್ರಮ್ಮನ ಕೈಗಳನ್ನು ಬಿಟ್ಟು ಇನ್ನೇನನ್ನೂ ನೋಡುತ್ತಿರಲಿಲ್ಲ. ಒಂದೊಂದೇ ದನಿ ಹಿಂದೆ ಸರಿಯಿತು. ಎಲ್ಲ ನಿಶ್ಶಬ್ದವಾಯಿತು. ನಿಂಗಮ್ಮ ಮುಖ ಅರಳಿಸಿಕೊಂಡು, ಎರಡೂ ಕೈ ಎತ್ತಿ ಒಬ್ಬರೇ ಚಪ್ಪಾಳೆ ತಟ್ಟಿಬಿಟ್ಟರು.

ನಾನು ಅವರ ಕೈ ಹಿಡಿದುಕೊಂಡು, "ಇನ್ನೂ ಅದೆ ಕಣವ್ವ" ಎಂದೆ.

"ಇನ್ನೂ ಅದಾ!" ಎಂದು ಅವರು ಕಣ್ಣರಳಿಸಿ, ನನ್ನ ಕೈಯನ್ನು ಹಾಗೇ ಹಿಡಿದುಕೊಂಡು ಮುಂದಕ್ಕೆ ಸರಿದು ಕೂತರು.